ನಲವತ್ತಕ್ಕೆ ಬಿಡುವ ಹೊತ್ತು

ಇಸ್ಪೀಟೆಲೆ ಮನೆ ಹಾಳು ಮಾಡುವ ವಸ್ತು ಎಂಬ ಮಾತು ನಮ್ಮ ಕಡೆ ಎಷ್ಟು ಹಳೆಯದೋ, ಮದುವೆ ಮನೆಯಲ್ಲಿ ಊಟವಾದ ಮೇಲೆ ಜಮಖಾನ ಹಾಸಿ ಎಲೆ ಹಾಕುವ ಪದ್ಧತಿಯೂ ಅಷ್ಟೇ ಹಳೆಯದು. ಗಂಡಸರು ಜಗಲಿಯ ಮೇಲೆ ಕಾಸಿಟ್ಟು ಆಡುತ್ತಿದ್ದರೆ, ನಾವು ಹೆಂಗಸರು ನಡುಮನೆಯಲ್ಲಿ ಹುಣಸೆಬೀಜ ಇಟ್ಟುಕೊಂಡು ರಮ್ಮಿ ಆಡುತ್ತಿದ್ದೆವು. ಬೀಜದ ಆಟವಾದರೂ ಹಟಕ್ಕೇನೂ ಕೊರತೆಯಿರಲಿಲ್ಲ.

ನಮ್ಮ ಮನೆಯ ಲೆಕ್ಕ ಹೀಗಿತ್ತು. ಹದಿಮೂರು ಎಲೆ ನೋಡಿದ ಕೂಡಲೇ, ಹೊಸ ಎಲೆ ಎಳೆಯದೆ ಆಟ ಬಿಟ್ಟರೆ 20 ಪಾಯಿಂಟು. ಆಡುತ್ತಾ ನಡುವೆ ಬಿಟ್ಟರೆ 40. ಕೊನೆಯವರೆಗೂ ಕೂತು, ಅಷ್ಟರಲ್ಲಿ ಇನ್ನೊಬ್ಬರು ಶೋ ಮಾಡಿದರೆ 80ರವರೆಗೂ ತಲೆಗೆ ಬೀಳಬಹುದು. ಒಳ್ಳೆಯ ಎಲೆ ಬರುವುದು ಅದೃಷ್ಟ. ಕೆಟ್ಟ ಎಲೆಯನ್ನು ಯಾವಾಗ ಕೆಳಗಿಡಬೇಕೆಂಬುದು ಬುದ್ಧಿ. ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟು ಕೂಡ 1967ರಲ್ಲಿ ಹೇಳಿದೆ.

ಪಾಪ, ಧರ್ಮರಾಯನಿಗೆ ಗೊತ್ತಿರದಿದ್ದದ್ದು ಈ ಬಿಡುವ ವಿದ್ಯೆಯೇ. ಹೋದದ್ದನ್ನು ಮರಳಿ ಪಡೆಯುವ ಆಸೆಯಲ್ಲಿ ರಾಜ್ಯ, ತಮ್ಮಂದಿರು, ಕೊನೆಗೆ ಹೆಂಡತಿಯವರೆಗೆ ಬಂದ. ಒಮ್ಮೆ ಎಲ್ಲವೂ ಮರಳಿ ಸಿಕ್ಕ ಮೇಲೂ, ಕರೆದರೆಂದು ಮತ್ತೆ ಹೋಗಿ ಕೂತ! ಆಡಿದವನು ಅವನು, ಸಭೆಯಲ್ಲಿ ನಿಂತವಳು ದ್ರೌಪದಿ. ಬಿಡಲಾರದವರ ಆಟದ ಬೆಲೆಯನ್ನು ಕಟ್ಟುವವರು ಎಷ್ಟೋ ಸಲ ಆಡದೇ ಇದ್ದವರು.

ಈಚೆಗೆ ದೀಪಾವಳಿ ರಜೆಗೆ ಬಂದಿದ್ದ ನನ್ನ ತಮ್ಮನ ಮಗ ನನಗೆ ಪೋಕರ್ ಕಲಿಸಿದ. ಕೈಯಲ್ಲಿ ಎರಡೇ ಎಲೆ. ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಆಮೇಲೆ ಒಂದೊಂದಾಗಿ ಬೀಳುತ್ತ ಐದು ಎಲೆ. ಪಂದ್ಯಾವಳಿಯಲ್ಲಾದರೆ ಎಲ್ಲರಿಗೂ ಒಂದೇ ಲೆಕ್ಕದ ಬಿಲ್ಲೆ. ಮುಗಿದವರು ಎದ್ದು ಹೋಗಬೇಕು. ಎದುರಿನವರು ಕಟ್ಟಿದಾಗ ನಮ್ಮ ಮುಂದೆ ದಾರಿ ಮೂರು: ಬಿಡುವುದು, ಅಷ್ಟೇ ಕಟ್ಟಿ ಮುಂದುವರಿಯುವುದು, ಇಲ್ಲವೇ ಇನ್ನೂ ಹೆಚ್ಚು ಕಟ್ಟುವುದು, ಬೇಕಾದರೆ ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳುವುದು.

ನನ್ನ ಕೈಯಲ್ಲಿ ಎರಡು ಆಟೀನು, ನೆಲದ ಮೇಲಿನ ನಾಲ್ಕರಲ್ಲಿ ಎರಡು ಆಟೀನು. ಇನ್ನೊಂದು ಬಂದರೆ ಗೆದ್ದೆ. ನಡುವೆ 200 ಬೀಜವಿತ್ತು. ಅವನು ಇನ್ನೂ 200 ಇಟ್ಟ.

“ಲೆಕ್ಕ ಹಾಕಿ ಅತ್ತೆ,” ಎಂದ. “ಕಾಣದ ಎಲೆ 46, ಅದರಲ್ಲಿ ಆಟೀನು 9. ಐದಕ್ಕೆ ಒಂದು ಸಲ ಬಂದೀತು. ನೀವು 200 ಕೊಟ್ಟು ಪಡೆಯೋದು 400. ಮೂರಕ್ಕೆ ಒಂದು ಸಲ ಬರೋ ಹಾಗಿದ್ರೆ ಸರಿ. ಐದಕ್ಕೆ ಒಂದಾದ್ರೆ ಬಿಡೋದೇ ಮೇಲು.”

“ಆಗಲೇ ನೂರು ಹಾಕಿದ್ದೀನಲ್ಲೋ!”

“ಅದು ಈಗ ನಿಮ್ಮದಲ್ಲ ಅತ್ತೆ. ನಡುವಿನದು.”

ಆ ಮಾತು ಕೇಳಿ ನನಗೆ ಅಕ್ಕನ ಅಂಗಡಿ ನೆನಪಾಯಿತು. ಭಾವ ಬಾಡಿಗೆ ಮಳಿಗೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದರು. ಮೂರು ವರ್ಷ ನಷ್ಟ. ಅಕ್ಕನ ಸರ, ಡಾಬು, ಓಲೆ ಒಂದೊಂದಾಗಿ ಅದಕ್ಕೆ ಹೋದವು. ಉಳಿದದ್ದು ನಾಲ್ಕು ಬಳೆ. “ಇಷ್ಟು ಹಾಕಿದ್ದೀವಿ, ಈಗ ಹೇಗೆ ಬಿಡೋದು?” ಎಂದರು ಭಾವ. ನಮ್ಮ ನಡುಮನೆಯಲ್ಲಿ ಎಲೆ ಹಿಡಿದು ಬೆಳೆದ ಅಕ್ಕ ಹೇಳಿದಳಂತೆ: “ಇದು ನಲವತ್ತಕ್ಕೆ ಬಿಡುವ ಹೊತ್ತು. ಎಂಬತ್ತು ಆಗೋವರೆಗೂ ಕೂತಿರಲಾರೆ.” ಅಂಗಡಿ ಮುಚ್ಚಿತು.

ಎರಡೇ ವರ್ಷಕ್ಕೆ ಆ ಮಳಿಗೆಯ ಪಕ್ಕದಲ್ಲೇ ಬಸ್ಸು ನಿಲ್ಲತೊಡಗಿತು. ಹೊಸದಾಗಿ ಬಂದವರು ಚೆನ್ನಾಗಿ ದುಡಿದರು. “ಸ್ವಲ್ಪ ತಾಳಬೇಕಿತ್ತು” ಎಂದು ಹೇಳದ ನೆಂಟರಿಲ್ಲ. ಅಕ್ಕ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: “ಬಸ್ಸು ಬರುತ್ತೆ ಅಂತ ಆವತ್ತು ಯಾರಿಗೂ ಗೊತ್ತಿರಲಿಲ್ಲ.”

ಅಮೆರಿಕದ ಆನಿ ಡ್ಯೂಕ್ ಮನಶ್ಶಾಸ್ತ್ರ ಓದಿ ಪೋಕರ್ ಆಟಗಾರ್ತಿಯಾದವರು. ಬಂದ ಫಲ ನೋಡಿ ತೀರ್ಮಾನವನ್ನು ಅಳೆಯಬಾರದು, ತೀರ್ಮಾನಿಸುವಾಗ ಕೈಯಲ್ಲಿದ್ದ ತಿಳಿವಳಿಕೆಯಿಂದ ಅಳೆಯಬೇಕು ಎಂಬುದನ್ನು ಅವರು 2018ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. 2022ರಲ್ಲಿ ಬಿಡುವುದರ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಆ ಪುಸ್ತಕಗಳನ್ನು ಓದದ ನಮ್ಮಕ್ಕ ನೆಂಟರ ನಡುವೆ ನಿಂತು ಹೇಳಿದ್ದು ಅದನ್ನೇ.

ಹಾಗೆಂದು ಸದಾ ಬಿಡುತ್ತಲೇ ಕೂರುವುದೂ ಆಟವಲ್ಲ. ಪೋಕರ್ ಪಂದ್ಯಾವಳಿಯಲ್ಲಿ ಎಲೆ ಹಂಚುವ ಮೊದಲೇ ಸರದಿಯಂತೆ ಇಬ್ಬರು ಕಟ್ಟಲೇಬೇಕಾದ ಮೊತ್ತವಿರುತ್ತದೆ. ಹೊತ್ತು ಹೋದಂತೆ ಅದು ಏರುತ್ತದೆ. ಒಳ್ಳೆಯ ಎಲೆಗೆಂದು ಕಾಯುತ್ತ ಕೂತವರ ಬಿಲ್ಲೆ ಹಾಗೆಯೇ ಸವೆಯುತ್ತದೆ. ತೀರಾ ಕಡಿಮೆಯಾದ ಮೇಲೆ ತಳ್ಳಿದರೆ ಯಾರೂ ಹೆದರುವುದಿಲ್ಲ. ಇನ್ನೂ ಬೆಲೆಯಿರುವಾಗ ಮೊದಲೇ ತಳ್ಳಿದರೆ ಗೆಲ್ಲಲು ಎರಡು ದಾರಿ: ಎದುರಿನವರು ಬಿಟ್ಟುಕೊಡಬಹುದು, ಅಥವಾ ನಮ್ಮ ಎಲೆಯೇ ಮೇಲಾಗಬಹುದು. ಇನ್ನೊಬ್ಬರು ಎಲ್ಲವನ್ನೂ ತಳ್ಳಿದ ಮೇಲೆ ಸಮ ಕಟ್ಟಿದವರಿಗೆ ಎರಡನೆಯದೊಂದೇ ದಾರಿ.

ಅಂಗಡಿ ಮುಚ್ಚಿದ ಮೇಲೆ “ಆರು ತಿಂಗಳು ನೋಡೋಣ” ಎಂದರು ಭಾವ. ಮನೆ ಬಾಡಿಗೆ, ಮಕ್ಕಳ ಫೀಸು, ರೇಷನ್ನು ಆರು ತಿಂಗಳು ಸುಮ್ಮನಿರುತ್ತವೆಯೇ? ಅಕ್ಕ ಆ ವಾರವೇ ನಾಲ್ಕೂ ಬಳೆ ಅಡವಿಟ್ಟು ಎರಡು ಹೊಲಿಗೆ ಯಂತ್ರ ತಂದಳು. ಬೇರೆಯವರು ಹೋಗುವ ಮೊದಲೇ, ಏಪ್ರಿಲ್‌ನಲ್ಲಿ, ಶಾಲೆಗಳಿಗೆ ಹೋಗಿ ಯೂನಿಫಾರಂ ಹೊಲಿದುಕೊಡುತ್ತೇನೆಂದು ಕೇಳಿದಳು. ಮೂರು ಶಾಲೆಯಲ್ಲಿ ಒಂದು ಒಪ್ಪಿತು. ಬಳೆ ಬಿಡಿಸಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು.

ದುಡ್ಡು ಕಟ್ಟಿ ಆಡಿ ಎಂದು ನಾನು ಯಾರಿಗೂ ಹೇಳುವವಳಲ್ಲ. ಮೊಬೈಲಿನಲ್ಲಿ ಹಣ ಕಟ್ಟಿಸಿಕೊಳ್ಳುವ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿದಾಗ, ಸಂಬಳದ ದಿನವೇ ಸಂಬಳ ಕಾಣೆಯಾಗುತ್ತಿದ್ದ ಮನೆಗಳ ಹೆಂಗಸರು ಉಸಿರು ಬಿಟ್ಟಿರಬೇಕು. ಬೀಜದ ಆಟವೇ ಸಾಕು. ಕಲಿಯುವುದು ಅದರಲ್ಲೂ ಇದೆ.

ನಮಗೆ ಚಿಕ್ಕಂದಿನಿಂದ ಕಲಿಸಿದ್ದು ನಡುವಿನ ದಾರಿಯೊಂದನ್ನೇ: ಹೊಂದಿಕೊಂಡು ಹೋಗು, ಅವರು ಇಟ್ಟಷ್ಟು ನೀನೂ ಇಡು, ಮುಂದೆ ನೋಡೋಣ. ಬಿಡುವುದೆಂದರೆ ಸೋಲು, ಮುಂದಕ್ಕೆ ತಳ್ಳುವುದೆಂದರೆ ಗಂಡುಬೀರಿತನ. ಎಲೆ ಹಿಡಿದವಳಿಗೆ ಮೂರು ದಾರಿಯೂ ತನ್ನದೇ. ಯಾವುದನ್ನು ಹಿಡಿಯುವ ಮೊದಲೂ ಹಿಂದೆ ಎಷ್ಟು ಹಾಕಿದೆ ಎಂದು ಎಣಿಸುತ್ತ ಕೂರದೆ, ಮುಂದಿನದಕ್ಕೆ ಎಷ್ಟು ಕೊಡಬೇಕು, ಎಷ್ಟು ಸಿಕ್ಕೀತು ಎಂದು ಕೇಳಿಕೊಂಡರೆ ಸಾಕು. ಎಲೆ ಹೇಗೂ ತನಗೆ ಬೇಕಾದಂತೆಯೇ ಬೀಳುತ್ತದೆ.