ಅಟ್ಟದ ಮೇಲಿನ ಪ್ಯಾಟರ್ನುಗಳು

ಎರಕದ ಶೆಡ್ಡಿಗೆ ಬಂದವರೆಲ್ಲ ಬೆಂಕಿ ನೋಡುತ್ತ ನಿಲ್ಲುತ್ತಾರೆ. ನನ್ನ ಕಣ್ಣು ಅಟ್ಟದ ಮೇಲೆ. ಕುಂದಾಪುರದ ಕಡೆ ನಾನು ಆಗಾಗ ಹೋಗಿ ಕೂರುವ ಫೌಂಡ್ರಿಯನ್ನು ನಡೆಸುವವರು ಒಂದೇ ಮನೆಯವರು. ಹಳೆಯ ಲೆಕ್ಕದ ಪುಸ್ತಕಗಳನ್ನು ಗೆದ್ದಲು ತಿಂದಿರಬಹುದು, ಮರಳಿನಲ್ಲಿ ಅಚ್ಚು ಮೂಡಿಸುವ ತೇಗದ ಪ್ಯಾಟರ್ನು ಮಾತ್ರ ಒಂದನ್ನೂ ಎಸೆದಿಲ್ಲ. ಧೂಳು ಒರೆಸುತ್ತ ಹೋದರೆ ಮನೆತನದ ಚರಿತ್ರೆ ಕೈಗೆ ಸಿಗುತ್ತದೆ.

ಎಲ್ಲಕ್ಕಿಂತ ಅಡಿಯಲ್ಲಿರುವುದು ಹೆಂಚಿನ ಪ್ರೆಸ್ಸಿನ ಭಾಗಗಳು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿ, ನಮ್ಮ ಹೊಳೆಬದಿಯ ಜೇಡಿಮಣ್ಣಿಗೂ ಬೆಲೆ ಬಂತು. ಪ್ರೆಸ್ಸು ಸವೆದಷ್ಟೂ ಎರಕದವರಿಗೆ ಕೆಲಸ. ಅದರ ಮೇಲೆ ಅಕ್ಕಿಮಿಲ್ಲಿನ ಪುಲ್ಲಿ, ಕಬ್ಬಿನ ಗಾಣದ ಹಲ್ಲುಚಕ್ರ. ಈಗ ಕೈಗೆಟಕುವಲ್ಲಿರುವುದೆಲ್ಲ ಬೋಟಿನ ಸಾಮಾನು: ನೀರಿನಡಿ ತಿರುಗುವ ಫ್ಯಾನು, ಬುಷ್ಷು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಗಂಗೊಳ್ಳಿ ಬಂದರಿನ ಬೋಟುಗಳಿಗೆ ರಜೆ, ರಿಪೇರಿಯಿಂದ ಲೇತಿಗೆ ಪುರುಸೊತ್ತಿಲ್ಲ.

ಪ್ಯಾಟರ್ನು ಮಾಡುವ ಆಚಾರ್ರ ಅಡಿಕೋಲು ಪೇಟೆಯ ಅಡಿಕೋಲಿಗಿಂತ ತುಸು ಉದ್ದ. ಕರಗಿದ ಬೀಡು ಆರುವಾಗ ಅಡಿಗೆ ಹೆಚ್ಚುಕಡಿಮೆ ಒಂದು ನೂಲು, ಎಂದರೆ ಇಂಚಿನ ಎಂಟನೇ ಒಂದು ಪಾಲು, ಕುಗ್ಗುತ್ತದೆ. ಗನ್‌ಮೆಟಲ್ ಇನ್ನೂ ಸ್ವಲ್ಪ ಹೆಚ್ಚು. ಸುಳ್ಳು ಹೇಳುವ ಅಡಿಕೋಲಿನಿಂದ ಅಳೆದರಷ್ಟೇ ಸಾಮಾನು ಸರಿಯಳತೆಗೆ ಬರುತ್ತದೆ. ಇಷ್ಟು ಪ್ರಾಮಾಣಿಕ ಸುಳ್ಳನ್ನು ನಾನು ಬೇರೆ ಕಸುಬಿನಲ್ಲಿ ಕಂಡಿಲ್ಲ.

ನನಗೆ ಅತಿ ಸುಖ ಮರಳಿನದು. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಬೆರಳಿನ ಗುರುತು ನಿಲ್ಲಬೇಕು, ಮುರಿದರೆ ಅಂಚು ಉದುರಬಾರದು. ನೀರು ಹೆಚ್ಚಾದರೆ ಆವಿ ಎದ್ದು ಎರಕದೊಳಗೆ ಗುಳ್ಳೆ. ಕಡಿಮೆಯಾದರೆ ಅಚ್ಚೇ ಕುಸಿಯುತ್ತದೆ. ತುಂಬಿ, ಕುಟ್ಟಿ, ಪ್ಯಾಟರ್ನು ಎತ್ತುವ ಹೊತ್ತಿಗೆ ಉಸಿರು ಬಿಗಿಹಿಡಿಯುವುದು ನನ್ನ ಅಭ್ಯಾಸ. “ಎಂತ ಅರ್ಜೆಂಟ್ ಮರ್ರೆ, ಬದಿಗೆ ತಟ್ಟಿ, ಹಗೂರ ಎತ್ತಿ,” ಎನ್ನುತ್ತಾರೆ ಹಿರಿಯರು.

ಎರಕ ಆರಿ ಲೇತಿಗೆ ಬಂದ ಮೇಲೆ ಇನ್ನೊಂದು ಪಾಠ. ಮೇಲಿನ ಚರ್ಮ ಗಟ್ಟಿ, ಅದರಲ್ಲಿ ಮರಳು ಅಂಟಿರುತ್ತದೆ. ಅಂಜಿ ಸವರಿದರೆ ಉಳಿಯ ಮೊನೆಯೇ ಹೋಗುತ್ತದೆ. ಮೊದಲ ಕಟ್ಟಿಗೇ ಚರ್ಮದ ಕೆಳಗಿಳಿಯಬೇಕು. ಉಕ್ಕಾದರೆ ಸುರುಳಿ ಬಿಡುತ್ತದೆ, ಬೀಡು ಕರಿಪುಡಿಯಾಗಿ ಉದುರಿ ಉಗುರಿನ ಸಂದಿ ಸೇರುತ್ತದೆ, ಊಟದ ಹೊತ್ತಿಗೂ ಹೋಗುವುದಿಲ್ಲ. ಅರ್ಧ ಕೊರೆದಾಗ ಗುಳ್ಳೆ ಕಂಡರೆ ವಾದವಿಲ್ಲ, ಒಡೆದು ಮತ್ತೆ ಕುಲುಮೆಗೆ. ಲೋಹ ವಾಪಸ್ಸು ಬರುತ್ತದೆ. ಹೋದದ್ದು ಕೋಕು ಮತ್ತು ಒಂದು ದಿನದ ಕೂಲಿ.