ಗಿಡ್ಡ ನಳಿಗೆಯ ಪಾಠ

ಸುರಪುರದಲ್ಲಿ ಹುಟ್ಟಿದವರಿಗೆ ರಾಜಾ ವೆಂಕಟಪ್ಪ ನಾಯಕರ ಸಾವಿನ ಕಥೆ ಎರಡು ಬಗೆಯಲ್ಲಿ ಗೊತ್ತಿರುತ್ತದೆ. ಒಂದು, 1877ರಲ್ಲಿ ಅಚ್ಚಾದ ಮೆಡೋಸ್ ಟೇಲರನ ಆತ್ಮಕಥೆಯದು. 1858ರ ಬಂಡಾಯ ಸೋತ ಮೇಲೆ ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲಪಟ್ಟಿಗೆ ಒಯ್ಯುವಾಗ ದಾರಿಯ ಬಿಡಾರದಲ್ಲಿ ರಾಜರು ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ತಾವೇ ಗುಂಡು ಹೊಡೆದುಕೊಂಡರು. ಇನ್ನೊಂದು ಊರ ಬಾಯಿಯದು: ಅರಸರು ಹಾಗೆ ಸಾಯುವವರಲ್ಲ, ಕೊಂದರು. ಟೇಲರನೂ ಆ ಬಿಡಾರದಲ್ಲಿರಲಿಲ್ಲ. ರಾಜರು ಅವನನ್ನು 'ಅಪ್ಪಾ' ಎನ್ನುತ್ತಿದ್ದರು, ಅದು ಬೇರೆ ಮಾತು.

ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯ ಈ ಎರಡರ ನಡುವೆ ವರ್ಷವಿಡೀ ಸಿಕ್ಕಿಕೊಂಡಿತ್ತು. ಕಾಗದ ಹೇಳದ್ದನ್ನು ಆಯುಧವಾದರೂ ಹೇಳೀತೆಂದು ಪೊಲೀಸ್ ಇಲಾಖೆಯಲ್ಲಿ ಆಯುಧ ರಿಪೇರಿ ಮಾಡಿ ನಿವೃತ್ತರಾದ ಕಾಕಾನ ಮುಂದೆ ನೋಟ್‌ಬುಕ್ ಹಿಡಿದು ಕುಳಿತೆ.

ಕಾಕಾ ಅಡುಗೆಮನೆಯಿಂದ ಲಟ್ಟಣಿಗೆ ತಂದು, ಪಕ್ಕದಲ್ಲಿ ನನ್ನ ಪೆನ್ನಿಟ್ಟರು. "ಉದ್ದ ನಳಿಗಿ ಇದು, ಗಿಡ್ಡ ನಳಿಗಿ ಇದು. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಕಡಿಮಿ ಆದಷ್ಟು ಕಣ್ಣಿನ ಸಣ್ಣ ತಪ್ಪೂ ದೊಡ್ಡದಾಗತದ." ಸಣ್ಣ ರಿವಾಲ್ವರಿನ ಹಿಂದಿನ ಸೈಟೆಂದರೆ ಮೈಮೇಲೆ ಕೊರೆದ ಒಂದು ಕಚ್ಚು. ತಿರುಗಿಸಲು ಸ್ಕ್ರೂ ಇಲ್ಲ. ತಯಾರಿಸಿದವನು ಒಂದು ತೂಕದ, ಒಂದು ವೇಗದ ಗುಂಡಿಗೆ ಅದನ್ನು ಹೊಂದಿಸಿರುತ್ತಾನೆ.

"ಹಂಗಾರ ಗುಂಡು ಬದಲಾದರ?"

"ಭಾರದ, ನಿಧಾನದ ಗುಂಡು ಮ್ಯಾಲೆ ಬಡಿತದ. ಹಗುರಂದು ಕೆಳಗ."

ನನಗೆ ಉಲ್ಟಾ ಅನಿಸಿತು. ಕಾಕಾ ನಕ್ಕರು. ಒದೆತಕ್ಕೆ ನಳಿಗೆ ಮೇಲೇಳುತ್ತದೆ. ನಿಧಾನದ ಗುಂಡು ಇನ್ನೂ ಒಳಗೇ ಇರುವುದರಿಂದ ಆ ಎತ್ತರದಿಂದಲೇ ಹೊರಡುತ್ತದೆ. ಸೈಟನ್ನು ಗುಂಡಿಗೆ ಹೊಂದಿಸಲಾಗದು, ಗುಂಡನ್ನೇ ಸೈಟಿಗೆ ತಕ್ಕಂತೆ ಆರಿಸಬೇಕು. ಕಾನ್ಪುರದ 0.32 ರಿವಾಲ್ವರಿಗೂ ಇದೇ ನಿಯಮ ಎಂದರು.

ಬರೆದುಕೊಂಡೆ. ಆಮೇಲೆ ರಾಜರ ವಿಷಯ ಕೇಳಿದೆ.

"ಮೈಗೆ ಹತ್ತಿ ಹೊಡದರ ಸೈಟ್ ಯಾಕ ಬೇಕವ್ವಾ?" ಎಂದು ನನ್ನ ನಾಲ್ಕು ಪುಟಗಳನ್ನು ಕಾಕಾ ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ತಾವು ಹೊಡೆದುಕೊಂಡರೂ ಬೇರೆಯವರು ಹತ್ತಿರದಿಂದ ಹೊಡೆದರೂ ಗುಂಡು ಒಂದೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕಾಲದ ರಿವಾಲ್ವರ್ ತುಂಬುವುದು ಹೇಗೆಂದು ಗೊತ್ತೇ ಎಂದು ಕೇಳಿದರು. ನಾನು ಓದಿದ್ದೆ: ಒಂದೊಂದು ಅರೆಗೂ ಮುಂದಿನಿಂದ ಮದ್ದು, ಮೇಲೆ ಸೀಸದ ಗುಂಡು ಒತ್ತಿ, ಹಿಂದೆ ಕೇಪು ಕೂಡಿಸಬೇಕು. ಈಗಿನ ಕಾಡತೂಸಿನಂತೆ ಚಕ್ಕನೆ ಹಾಕಿ ತೆಗೆಯುವ ಕೆಲಸವಲ್ಲ.

"ಅಂದಮ್ಯಾಲೆ ಮೊದಲೇ ತುಂಬಿಟ್ಟಿದ್ರು. ನಮ್ಮಲ್ಲಿ ಕೈದಿ ಹತ್ರ ತುಂಬಿದ ಹತಾರ ಬಿಟ್ಟಾವನ್ನ ನಿಲ್ಲಿಸಿ ಕೇಳತಾರ. ಆ ಸಾಹೇಬನ್ನ ಯಾರು ಕೇಳಿದ್ರು?"

ತಾನೇ ಹೊಡೆದುಕೊಂಡನೋ, ಕೊಂದರೋ ಎಂಬುದನ್ನಷ್ಟೇ ನಾನು ಇಷ್ಟು ದಿನ ಹಿಡಿದು ಕುಳಿತಿದ್ದೆ. ಮೂರನೇ ಅಧ್ಯಾಯ ಈಗ ಕಾಕಾನ ಪ್ರಶ್ನೆಯಿಂದ ಶುರುವಾಗುತ್ತದೆ. ಮಾರ್ಗದರ್ಶಕರು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ 'ಆಧಾರ?' ಎಂದು ಬರೆದು ಕಳಿಸಿದ್ದಾರೆ.