ವರ್ತೂರಿನ ದಾರಿಯಲ್ಲೊಂದು ಗೋಚರ

‘ಗೋಚರ’ವೆಂದರೆ ಮೂಲದಲ್ಲಿ ಹಸುಗಳು ಮೇಯುತ್ತ ಸಂಚರಿಸುವ ನೆಲವೆಂದು ಮಕ್ಕಳಿಗೆ ಬೋಧಿಸಿದವರು ನಾವು. ಮೊನ್ನೆ ವೈಟ್‌ಫೀಲ್ಡಿನಿಂದ ವರ್ತೂರಿಗೆ ನಡೆದು ಹೋಗುವಾಗ ಗಾಜಿನ ಸೌಧಗಳಲ್ಲದೆ ಗೋಮಾಳವೊಂದೂ ಗೋಚರಿಸಲಿಲ್ಲ. ಕಡೆಗೆ ಒಂದು ಹಿತ್ತಲಿನಲ್ಲಿ, ಸುಬಾಬುಲ್ ಗಿಡಗಳ ಸಾಲಿನ ನಡುವೆ, ಹುಲ್ಲನ್ನೂ ಚಿಗುರನ್ನೂ ಮೇಯುತ್ತಿದ್ದ ಎರಡು ಕಡಸುಗಳು ಕಣ್ಣಿಗೆ ಬಿದ್ದುವು.

“ಸೊಪ್ಪೊಂದೇ ಸಾಲದೇನಮ್ಮ?” ಎಂದೆವು.

“ಬರೀ ಸೊಪ್ಪು ತಿಂದ್ರೆ ಕೂದ್ಲು ಉದುರ್ತದೆ ಮೇಷ್ಟ್ರೇ, ಬರೀ ಹುಲ್ಲಾದ್ರೆ ಮೈ ತುಂಬಾಕಿಲ್ಲ” ಎಂದಳು ಮುದುಕಿ.

ಆಕೆಯ ಮಾತು ಶಾಸ್ತ್ರಸಮ್ಮತವಾದುದು. ದ್ವಿದಳ ಜಾತಿಯ ಈ ಗಿಡದ ಎಲೆಯಲ್ಲಿ ಮೈಕಟ್ಟುವ ಸಸಾರಜನಕವು ಹುಲ್ಲಿಗಿಂತ ಬಹಳ ಹೆಚ್ಚು. ಜತೆಗೆ ಮಿಮೋಸಿನ್ ಎಂಬ ವಿಷವೂ ಉಂಟು. ಆದುದರಿಂದಲೇ ಸೊಪ್ಪು ಮೇವಿನ ಮೂರರಲ್ಲೊಂದು ಪಾಲನ್ನು ಮೀರಬಾರದೆನ್ನುವರು. 1980ರ ದಶಕದಲ್ಲಿ ಆಸ್ಟ್ರೇಲಿಯದ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿಯು, ಹವಾಯಿ ದ್ವೀಪದ ಆಡುಗಳ ಹೊಟ್ಟೆಯಲ್ಲಿ ಆ ವಿಷವನ್ನು ಅರಗಿಸುವ ಸೂಕ್ಷ್ಮಜೀವಿಗಳಿರುವುದನ್ನು ತೋರಿಸಿ, ಅವನ್ನು ತಮ್ಮ ದೇಶದ ದನಗಳಿಗೂ ಒದಗಿಸಿದರು.

“ಹಿತ್ತಲು ಮಾರೋಣ ಅಂತಾನೆ ಮಗ. ಇವೆರಡೂ ಬೆಳೆದು ಕರು ಹಾಕೋಗಂಟ ನಾನು ಒಪ್ಪಾಕಿಲ್ಲ” ಎಂದು ಮುದುಕಿಯು ಕಡಸಿನ ಬೆನ್ನು ನೇವರಿಸಿದಳು.

ಕರುಗಳಾದ ಮೇಲೂ ಆಕೆಯ ಹಟವು ಕರಗದಿರಲೆಂದು ಹಾರೈಸಿ ನಾವು ಮುಂದೆ ನಡೆದೆವು.